ಲಿಚಿ ಕಾಯುವುದಿಲ್ಲ

ಬಿಹಾರದ ಮುಜಫರ್‌ಪುರದಲ್ಲಿ ಲಿಚಿಯ ಸುಗ್ಗಿ ಹೆಚ್ಚೆಂದರೆ ನಾಲ್ಕೈದು ವಾರ. ಮೇ ತಿಂಗಳ ನಡುವಿಗೆ ಶಾಹಿ ತಳಿ ಕೆಂಪಾಗತೊಡಗುತ್ತದೆ, ಅದು ಮುಗಿಯುವ ಹೊತ್ತಿಗೆ ಚೈನಾ ತಳಿ ಕೊಯ್ಲಿಗೆ ಬರುತ್ತದೆ, ಜೂನ್ ಕಳೆಯುವಷ್ಟರಲ್ಲಿ ತೋಟಗಳೆಲ್ಲ ಬರಿದು. ಚೀನಾ ಬಿಟ್ಟರೆ ಜಗತ್ತಿನಲ್ಲಿ ಅತಿ ಹೆಚ್ಚು ಲಿಚಿ ಬೆಳೆಯುವ ದೇಶ ನಮ್ಮದು. ನಮ್ಮ ಬೆಳೆಯ ದೊಡ್ಡ ಪಾಲು ಬಿಹಾರದ್ದು. ಈ ಬೆಳೆಗೆಂದೇ 2001ರಲ್ಲಿ ಮುಜಫರ್‌ಪುರದಲ್ಲಿ ರಾಷ್ಟ್ರೀಯ ಲಿಚಿ ಸಂಶೋಧನಾ ಕೇಂದ್ರ ಆರಂಭವಾಯಿತು. 2018ರಲ್ಲಿ ಶಾಹಿ ಲಿಚಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಇಷ್ಟೆಲ್ಲ ಆದರೂ ಬೆಂಗಳೂರಿನ ಅಂಗಡಿಯಲ್ಲಿ ನಮ್ಮ ಕೈಗೆ ಬರುವ ಲಿಚಿ ಬಹಳ ಸಲ ಒಣಗಿ ಗಡುಸಾದ ಕಂದು ಸಿಪ್ಪೆಯದು. ಒಳಗಿನ ತಿರುಳು ಚೆನ್ನಾಗಿದ್ದರೂ ಕೊಳ್ಳುವವರು ಹಿಂಜರಿಯುತ್ತಾರೆ, ಅಂಗಡಿಯವನು ಬೆಲೆ ಇಳಿಸುತ್ತಾನೆ, ಆ ನಷ್ಟ ಹಿಂದಕ್ಕೆ ಸರಿದು ಸರಿದು ಕೊನೆಗೆ ತೋಟದ ಯಜಮಾನನ ತಲೆಯ ಮೇಲೆ ಬೀಳುತ್ತದೆ. ಲಿಚಿಯ ಬಗ್ಗೆ ತಿಳಿಯಬೇಕಾದ್ದರಲ್ಲಿ ಬಹುಪಾಲನ್ನು ವಿಜ್ಞಾನ ಈಗಾಗಲೇ ತಿಳಿದುಕೊಂಡಿದೆ ಎಂಬುದು ಈ ಲೇಖನದ ವಾದ. ಸಿಪ್ಪೆ ಯಾಕೆ ಕಂದುತ್ತದೆ, ಅದನ್ನು ತಡೆಯುವುದು ಹೇಗೆ, ಹೂವು ಯಾಕೆ ತಪ್ಪುತ್ತದೆ, ಇದೇ ಹಣ್ಣಿನ ತೋಟಗಳ ನಡುವೆ ಮಕ್ಕಳು ಯಾಕೆ ಸತ್ತರು ಎಂಬ ಪ್ರಶ್ನೆಗಳಿಗೆಲ್ಲ ಉತ್ತರಗಳಿವೆ. ಉತ್ತರಗಳು ದುಬಾರಿಯವೂ ಅಲ್ಲ. ಆದರೆ ಅವು ಗಂಟೆಗಳ ಲೆಕ್ಕದಲ್ಲಿ ನಡೆಯಬೇಕಾದ ಕೆಲಸಗಳು, ಮತ್ತು ಆ ಗಂಟೆಗಳಲ್ಲಿ ಹಣ್ಣಿನ ಹತ್ತಿರ ಇರುವವರ ಕೈಗೆ ಅವು ತಲುಪಿಲ್ಲ.

ಮೊದಲು ಹಣ್ಣಿನ ರಚನೆ ನೋಡಬೇಕು, ಯಾಕೆಂದರೆ ತೊಂದರೆಯ ಮೂಲ ಅಲ್ಲೇ ಇದೆ. ಲಿಚಿಯಲ್ಲಿ ನಾವು ತಿನ್ನುವ ಬಿಳಿ ಭಾಗ ಮಾವು ಸೀಬೆಗಳ ತಿರುಳಿನಂಥದ್ದಲ್ಲ. ಅದು ಬೀಜದ ಬುಡದಿಂದ ಎದ್ದು ಬೀಜವನ್ನು ಸುತ್ತಿಕೊಳ್ಳುವ ಪತ್ರೆ. ಜಾಯಿಕಾಯಿಯ ಮೇಲಿನ ಜಾಪತ್ರೆಯೂ ಸಸ್ಯಶಾಸ್ತ್ರದ ಪ್ರಕಾರ ಇದೇ ಬಗೆಯ ಹೊದಿಕೆ. ಆದ್ದರಿಂದ ಹೊರಗಿನ ಸಿಪ್ಪೆಗೂ ಒಳಗಿನ ತಿರುಳಿಗೂ ನೇರ ಬೆಸುಗೆ ಇಲ್ಲ. ಲಿಚಿ ಸುಲಿಯುವಾಗ ಸಿಪ್ಪೆ ಅಷ್ಟು ಸಲೀಸಾಗಿ ಕಳಚಿಬರುವುದು ಈ ಕಾರಣಕ್ಕೇ. ತಿನ್ನುವವನಿಗೆ ಅನುಕೂಲವಾದ ಈ ಏರ್ಪಾಡು ಸಾಗಿಸುವವನಿಗೆ ಕಂಟಕ. ಗೊಂಚಲು ಮರದಿಂದ ಬೇರೆಯಾದ ಕ್ಷಣದಿಂದ ಸಿಪ್ಪೆಗೆ ನೀರು ಬರುವ ದಾರಿ ಮುಚ್ಚುತ್ತದೆ. ಒಳಗೆ ರಸ ತುಂಬಿದ್ದರೂ ಅದು ಸಿಪ್ಪೆಯ ನೆರವಿಗೆ ಬಾರದು. ಒಂದೆರಡು ಮಿಲಿಮೀಟರ್ ದಪ್ಪದ, ಮೈತುಂಬ ಗುಬುಟುಗಳಿರುವ, ಅಲ್ಲಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುವ ಆ ಸಿಪ್ಪೆ ಬಿಹಾರದ ಮೇ ತಿಂಗಳ ಬಿಸಿಗಾಳಿಗೆ ತನ್ನ ನೀರನ್ನೆಲ್ಲ ಬಿಟ್ಟುಕೊಡುತ್ತದೆ. ಮಾಮೂಲಿ ಉಷ್ಣತೆಯಲ್ಲಿ ಎರಡು ಮೂರು ದಿನಕ್ಕೆ ಕೆಂಪು ಹೋಗಿ ಕಂದು ಬಣ್ಣ ಬರುತ್ತದೆ.

ನೀರು ಹೋದರೆ ಬಣ್ಣ ಯಾಕೆ ಹೋಗಬೇಕು? ಸಿಪ್ಪೆಯ ಕೆಂಪಿಗೆ ಕಾರಣ ಆಂಥೋಸಯನಿನ್ ಎಂಬ ವರ್ಣದ್ರವ್ಯ. ಅದೂ, ಫೀನಾಲ್ ಜಾತಿಯ ಇತರ ವಸ್ತುಗಳೂ ಜೀವಕೋಶದ ಒಂದು ಕೋಣೆಯಲ್ಲಿರುತ್ತವೆ. ಅವುಗಳನ್ನು ಒಡೆಯುವ ಕಿಣ್ವಗಳು ಇನ್ನೊಂದು ಕಡೆ. ಸಿಪ್ಪೆ ಒಣಗಿದಾಗ ನಡುವಿನ ತಡೆಗಳು ಕುಸಿದು ಇವೆರಡೂ ಬೆರೆಯುತ್ತವೆ, ಗಾಳಿಯ ಆಮ್ಲಜನಕ ಸೇರುತ್ತದೆ, ಕಂದು ಬಣ್ಣ ಹುಟ್ಟುತ್ತದೆ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದೂ ಇದೇ ಕ್ರಿಯೆಯಿಂದ. ಬಹಳ ಕಾಲ ಪಾಲಿಫೀನಾಲ್ ಆಕ್ಸಿಡೇಸ್ ಎಂಬ ಕಿಣ್ವವನ್ನೇ ಇದಕ್ಕೆಲ್ಲ ಹೊಣೆ ಮಾಡಲಾಗಿತ್ತು. 2015ರಲ್ಲಿ ಚೀನಾದ ಸಂಶೋಧಕರು ಲಿಚಿ ಸಿಪ್ಪೆಯಲ್ಲಿ ಆಂಥೋಸಯನಿನ್ ಅನ್ನು ಹಾಳುಮಾಡುವ ಲ್ಯಾಕೇಸ್ ಎಂಬ ಇನ್ನೊಂದು ಕಿಣ್ವವನ್ನು ಗುರುತಿಸಿದರು. ಅದು ಮೊದಲು ಎಪಿಕ್ಯಾಟೆಚಿನ್ ಎಂಬ ವಸ್ತುವನ್ನು ಉತ್ಕರ್ಷಿಸುತ್ತದೆ, ಆ ಕ್ರಿಯೆಯ ಸೆಳವಿನಲ್ಲಿ ಆಂಥೋಸಯನಿನ್ ಕೂಡ ನಾಶವಾಗುತ್ತದೆ. ಇದಲ್ಲದೆ, ಒಣಗುತ್ತ ಹೋದಂತೆ ಸಿಪ್ಪೆಯ ಆಮ್ಲೀಯತೆ ಇಳಿಯುತ್ತದೆ, ಆಮ್ಲ ಕಡಿಮೆಯಾದಲ್ಲಿ ಈ ವರ್ಣದ್ರವ್ಯ ಕೆಂಪಾಗಿ ಉಳಿಯಲಾರದು. ಕಿಣ್ವ ಯಾವುದೇ ಇರಲಿ, ಸರಪಳಿಯ ಮೊದಲ ಕೊಂಡಿ ನೀರಿನ ನಷ್ಟ ಎಂಬುದರಲ್ಲಿ ವಿಜ್ಞಾನಿಗಳಲ್ಲಿ ಭಿನ್ನಾಭಿಪ್ರಾಯ ಇಲ್ಲ. ಕ್ವೀನ್ಸ್‌ಲ್ಯಾಂಡ್‌ನಲ್ಲಾಗಲಿ, ಗುವಾಂಗ್‌ಝೌನಲ್ಲಾಗಲಿ, ಮುಜಫರ್‌ಪುರದಲ್ಲಾಗಲಿ ಪ್ರಯೋಗಗಳು ಬಂದು ನಿಲ್ಲುವುದು ಈ ಮಾತಿಗೇ: ಸಿಪ್ಪೆ ಒಣಗದಂತೆ ನೋಡಿಕೊಂಡರೆ ಅರ್ಧ ಕೆಲಸ ಮುಗಿಯಿತು, ಹಣ್ಣನ್ನು ಬೇಗ ತಣಿಸಿದರೆ ಉಳಿದರ್ಧವೂ ಮುಗಿಯುತ್ತದೆ.

ವ್ಯಾಪಾರ ಹಿಡಿದ ದಾರಿ ಬೇರೆ. 1980ರ ದಶಕದಿಂದ ದೂರದ ರಫ್ತಿಗೆ ಲಿಚಿಯನ್ನು ಗಂಧಕದ ಹೊಗೆಗೆ ಒಡ್ಡುವ ಪದ್ಧತಿ ನೆಲೆಯೂರಿತು. ಮುಚ್ಚಿದ ಕೋಣೆಯಲ್ಲಿ ಗಂಧಕ ಸುಟ್ಟರೆ ಬರುವ ಸಲ್ಫರ್ ಡೈಆಕ್ಸೈಡ್ ಕಿಣ್ವವನ್ನು ತಡೆಯುತ್ತದೆ, ಶಿಲೀಂಧ್ರವನ್ನೂ ಕೊಲ್ಲುತ್ತದೆ. ಸಿಪ್ಪೆ ಮಾತ್ರ ಹಳದಿ ಮಿಶ್ರಿತ ಬಿಳಿಯಾಗುತ್ತದೆ; ಕೆಂಪು ಮರಳಬೇಕಾದರೆ ಆಮೇಲೆ ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಬೇಕು. ಕ್ರಿಸ್‌ಮಸ್ ಹೊತ್ತಿಗೆ ಯುರೋಪಿಗೆ ಹಡಗಿನಲ್ಲಿ ಹೋಗುವ ಮಡಗಾಸ್ಕರ್‌ನ ಲಿಚಿ ಹೀಗೆ ಗಂಧಕ ಕಂಡ ಹಣ್ಣೇ. ಇದು ಅಗ್ಗ, ಫಲವೂ ಖಚಿತ. ಹಾಗಿರುವಾಗ ತಕರಾರು ಯಾಕೆ ಎಂದು ವ್ಯಾಪಾರಿ ಕೇಳಿದರೆ ಅವನನ್ನು ತಳ್ಳಿಹಾಕುವಂತಿಲ್ಲ. ಆದರೆ ಹೊಗೆಯ ಪ್ರಮಾಣ ಸ್ವಲ್ಪ ಹೆಚ್ಚಾದರೂ ಅದು ಸಿಪ್ಪೆ ದಾಟಿ ತಿರುಳಿಗಿಳಿಯುತ್ತದೆ. ಅಸ್ತಮಾ ಇರುವವರಲ್ಲಿ ಸಲ್ಫೈಟ್ ಉಸಿರುಗಟ್ಟಿಸಬಲ್ಲದು. ಹಸಿಯಾಗಿ ತಿನ್ನುವ ಹಣ್ಣು ತರಕಾರಿಗಳಿಗೆ ಸಲ್ಫೈಟ್ ಹಾಕುವುದನ್ನು ಅಮೆರಿಕ 1986ರಲ್ಲೇ ನಿಷೇಧಿಸಿತು. ಯುರೋಪ್ ಲಿಚಿಯ ತಿನ್ನುವ ಭಾಗದಲ್ಲಿ ಕಿಲೋಗೆ 10 ಮಿಲಿಗ್ರಾಂ ಮಿತಿ ಇಟ್ಟಿದೆ. ಹೊಗೆಕೋಣೆಯಲ್ಲಿ ದುಡಿಯುವವರ ಶ್ವಾಸಕೋಶಕ್ಕೆ ಇಂಥ ಮಿತಿಯ ರಕ್ಷಣೆಯೂ ಇಲ್ಲ. ನನ್ನ ದೃಷ್ಟಿಯಲ್ಲಿ ಗಂಧಕದ ದೊಡ್ಡ ದೋಷ ಇನ್ನೊಂದು. ಕೊಯ್ದ ಮೇಲೆ ಹಣ್ಣನ್ನು ಎಷ್ಟು ಹೊತ್ತು ಬಿಸಿಲಲ್ಲಿ ಬಿಟ್ಟರೂ ಆಮೇಲೆ ಸರಿಪಡಿಸಬಹುದು ಎಂಬ ಧೈರ್ಯವನ್ನು ಅದು ಕೊಡುತ್ತದೆ. ಬಣ್ಣ ಉಳಿಯುತ್ತದೆ, ಪರಿಮಳ ಹೋಗಿರುತ್ತದೆ.

ಬದಲಿ ದಾರಿಗಳು ಪ್ರಯೋಗಾಲಯದಲ್ಲೇ ಉಳಿದ ಕನಸುಗಳಲ್ಲ. ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರ ಹಣ್ಣನ್ನು ಕೆಲವು ದ್ರಾವಣಗಳಲ್ಲಿ ಸರದಿಯಂತೆ ಅದ್ದಿ, 4 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು, 45 ದಿನಗಳವರೆಗೆ ಬಣ್ಣ ಉಳಿಸುವ ವಿಧಾನ ರೂಪಿಸಿದೆ. ಅದರಲ್ಲೂ ಸಲ್ಫೈಟ್‌ನ ಒಂದು ಹಂತ ಇದೆ, ನಿಜ. ಆದರೆ ಅಳತೆ ಮಾಡಿ ಅದ್ದುವುದಕ್ಕೂ ಅಂದಾಜಿನಲ್ಲಿ ಹೊಗೆ ಹಾಕುವುದಕ್ಕೂ ಬಹಳ ವ್ಯತ್ಯಾಸ. ಇನ್ನು ಯಾವ ರಾಸಾಯನಿಕವೂ ಇಲ್ಲದ ದಾರಿ ಹೀಗಿದೆ. ಬೆಳಗಿನ ಜಾವ, ಬಿಸಿಲೇರುವ ಮೊದಲು ಗೊಂಚಲನ್ನು ತುಸು ತೊಟ್ಟಿನ ಸಮೇತ ಕತ್ತರಿಸಬೇಕು. ನೆಲಕ್ಕೆ ಸುರಿಯಬಾರದು, ನೆರಳಿಗೆ ಒಯ್ಯಬೇಕು. ಬಿರಿದದ್ದು, ಹುಳು ಬಿದ್ದದ್ದು ತೆಗೆದು, ತಣ್ಣೀರಿನಲ್ಲೋ ತಂಪು ಗಾಳಿಯಲ್ಲೋ ಹಣ್ಣಿನ ಒಡಲ ಬಿಸಿ ಇಳಿಸಬೇಕು. ರಂಧ್ರವಿರುವ ತೆಳು ಪೊರೆಯ ಡಬ್ಬಿಗಳಲ್ಲಿ ತುಂಬಿ, ಶೇಕಡಾ 90ರಿಂದ 95ರಷ್ಟು ತೇವಾಂಶದ ತಂಪು ಕೋಣೆಯಲ್ಲಿ ಇಡಬೇಕು. ಇಷ್ಟು ಮಾಡಿದರೆ ಮೂರು ನಾಲ್ಕು ವಾರ ಹಣ್ಣು ಮಾರಾಟಕ್ಕೆ ಯೋಗ್ಯವಾಗಿಯೇ ಇರುತ್ತದೆ. ಮುಜಫರ್‌ಪುರದ ಹಳೆಯ ಕೊಯ್ಲುಗಾರರು ಮರದ ಪೆಟ್ಟಿಗೆಯೊಳಗೆ ಲಿಚಿಯದೇ ಹಸಿ ಎಲೆ ಹಾಸಿ ಹಣ್ಣು ತುಂಬುತ್ತಿದ್ದುದರ ಹಿಂದೆಯೂ ತೇವ ಉಳಿಸುವ ಇದೇ ತಿಳಿವಳಿಕೆ ಇತ್ತು. ಆದರೆ ಒಂದು ಎಚ್ಚರಿಕೆ ಹೇಳಲೇಬೇಕು: ತಂಪಿನಿಂದ ಹೊರಬಂದ ಲಿಚಿ ಮೊದಲಿಗಿಂತ ಬೇಗ ಕಂದುತ್ತದೆ. ಅರ್ಧ ದಾರಿಯವರೆಗಿನ ತಂಪು ಸರಪಳಿ ಇಲ್ಲದಿರುವುದಕ್ಕಿಂತ ಹೆಚ್ಚು ಮೋಸಗೊಳಿಸುತ್ತದೆ. ಲಾರಿಯಲ್ಲಿದ್ದ ತಂಪು ಅಂಗಡಿಯಲ್ಲೂ ಮುಂದುವರಿಯಬೇಕು.

ಇಷ್ಟು ಗೊತ್ತಿದ್ದೂ ಯಾಕೆ ನಡೆಯುತ್ತಿಲ್ಲ? ರೈತರ ಅಜ್ಞಾನ ಎಂಬ ಸಿದ್ಧ ಉತ್ತರವನ್ನು ನಾನು ಒಪ್ಪುವುದಿಲ್ಲ. ಮುಜಫರ್‌ಪುರದ ಸೀಮೆಯಲ್ಲಿ ಬಹಳಷ್ಟು ತೋಟಗಳು ಹೂವಿನ ಹಂತದಲ್ಲೋ ಮಿಡಿಯ ಹಂತದಲ್ಲೋ ವ್ಯಾಪಾರಿಯ ಕೈಗೆ ಹೋಗುತ್ತವೆ. ನಮ್ಮ ಕರಾವಳಿ ಮಲೆನಾಡಿನ ಚೇಣಿಯನ್ನೋ, ಶ್ರೀನಿವಾಸಪುರದ ಮಾವಿನ ತೋಟಗಳ ಗುತ್ತಿಗೆಯನ್ನೋ ಬಲ್ಲವರಿಗೆ ಈ ಏರ್ಪಾಡನ್ನು ವಿವರಿಸಬೇಕಿಲ್ಲ. ಯಜಮಾನನಿಗೆ ಮುಂಗಡ ಹಣ ಸಿಗುತ್ತದೆ, ಆಲಿಕಲ್ಲು ಬಿಸಿಗಾಳಿಗಳ ಚಿಂತೆ ಬಿಡುತ್ತದೆ. ಆದರೆ ಕೊಯ್ಲಿನ ದಿನ ಹಣ್ಣು ಅವನದಲ್ಲ. ಆ ವ್ಯಾಪಾರಿಗೋ, ಮರ ಮುಂದಿನ ವರ್ಷ ತನ್ನದಾಗಿರುತ್ತದೆಂಬ ಖಾತರಿಯಿಲ್ಲ. ಒಂದೇ ಸುಗ್ಗಿಗೆ ತಂಪು ಕೋಣೆ ಕಟ್ಟಿಸಲು ಅವನಿಗೇನು ಹುಚ್ಚೇ? ಮೊದಲು ಮಂಡಿಗೆ ಬಂದ ಹಣ್ಣಿಗೆ ಹೆಚ್ಚು ಬೆಲೆ ಎಂಬ ಆಸೆಗೆ ಅವನು ಹಣ್ಣಾಗುವ ಮುಂಚೆಯೇ ಕೊಯ್ಯಿಸುತ್ತಾನೆ. ಬಾಳೆ ಮಾವುಗಳ ಹಾಗೆ ಲಿಚಿ ಕೊಯ್ದ ಮೇಲೆ ಹಣ್ಣಾಗುವುದಿಲ್ಲ. ಮರದಲ್ಲಿದ್ದಾಗ ಎಷ್ಟು ಸಿಹಿಯೋ ಅಷ್ಟೇ. ಕೊಯ್ದ ಮೇಲೆ ಏರುವುದಿಲ್ಲ. ಹುಳಿ ಲಿಚಿ ತಿಂದ ಗ್ರಾಹಕ ಆ ವರ್ಷ ಮತ್ತೆ ಲಿಚಿಯ ಕಡೆ ತಿರುಗುವುದಿಲ್ಲ. ಹೀಗೆ ಕೊಯ್ದ ಮೇಲಿನ ಗಂಟೆಗಳಿಗೆ ಯಜಮಾನನೂ ಹೊಣೆಯಲ್ಲ, ವ್ಯಾಪಾರಿಯೂ ಹೊಣೆಯಲ್ಲ. ಈ ಖಾಲಿ ಜಾಗವನ್ನು ಯಾವ ಸಂಶೋಧನಾ ಪ್ರಬಂಧವೂ ತುಂಬಲಾರದು.

ನಾಲ್ಕು ವಾರದ ಬೆಳೆಗೆ ಹಳ್ಳಿಹಳ್ಳಿಯಲ್ಲಿ ತಂಪು ಘಟಕ ಕಟ್ಟಿದರೆ ಉಳಿದ ಹನ್ನೊಂದು ತಿಂಗಳು ಅದು ಪಾಳು ಬೀಳುವುದಿಲ್ಲವೇ ಎಂಬುದು ಗಟ್ಟಿಯಾದ ಆಕ್ಷೇಪ. ಲಿಚಿಯೊಂದಕ್ಕೇ ಕಟ್ಟಿದರೆ ಬೀಳುತ್ತದೆ. ಆದರೆ ಅದೇ ಸೀಮೆಯಲ್ಲಿ ಲಿಚಿಯ ಬೆನ್ನಿಗೇ ಮಾವು ಬರುತ್ತದೆ, ವರ್ಷವಿಡೀ ತರಕಾರಿ ಇದೆ, ಬಾಳೆ ಇದೆ. ಇನ್ನು ಗಂಟೆಗಳ ಲೆಕ್ಕದ ಪದಾರ್ಥವನ್ನು ಹಳ್ಳಿಯಲ್ಲೇ ತಣಿಸುವುದು ಆಗುವ ಮಾತೇ ಎಂಬ ಅನುಮಾನಕ್ಕೆ ಕರ್ನಾಟಕದಲ್ಲೇ ಉತ್ತರ ಇದೆ. ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಗಳು ಹಳ್ಳಿಗಳಲ್ಲಿ ದೊಡ್ಡ ಶೀತಲ ತೊಟ್ಟಿಗಳನ್ನಿಟ್ಟು, ಕರೆದ ಹಾಲನ್ನು ಅಲ್ಲಲ್ಲೇ ತಣಿಸಿ ಡೇರಿಗೆ ಕಳಿಸುತ್ತಿವೆ. ಅಲ್ಲಿ ಅದು ಸಾಧ್ಯವಾದದ್ದು ಯಂತ್ರದ ಮಹಿಮೆಯಿಂದ ಅಲ್ಲ. ಹಾಲು ಡೇರಿ ಮುಟ್ಟುವವರೆಗೂ ಸಂಘದ್ದಾಗಿಯೇ ಉಳಿಯುವುದರಿಂದ, ಮತ್ತು ಗುಣಮಟ್ಟ ನೋಡಿ ಹಣ ಕೊಡುವುದರಿಂದ. ಲಿಚಿ ಬೆಳೆಗಾರರ ಸಂಘ ಹಣ್ಣನ್ನು ಕೊಯ್ಲಿನವರೆಗೂ ತನ್ನದಾಗಿಯೇ ಉಳಿಸಿಕೊಂಡು, ಸಿಹಿಯ ಅಳತೆ ನೋಡಿ ಕೊಯ್ದು, ತಾನೇ ತಣಿಸಿ ಮಾರುವುದಾದರೆ ಮುಂಗಡದ ಹಣಕ್ಕೆ ಬ್ಯಾಂಕ್ ಸಾಲ ಬೇಕು, ಹವಾಮಾನದ ಅಪಾಯಕ್ಕೆ ವಿಮೆ ಬೇಕು. ಸಂಶೋಧನೆಗೆ ಕೊಡುವಷ್ಟೇ ಗಮನವನ್ನು ಸರ್ಕಾರ ಈ ಎರಡಕ್ಕೆ ಕೊಡಬೇಕೆಂದು ಹೇಳುವುದು ಸಂಶೋಧನೆಗೆ ಎದುರಾಡಿದಂತಲ್ಲ, ಅದನ್ನು ಗೌರವಿಸಿದಂತೆ.

ತಳಿ ಅಭಿವೃದ್ಧಿಯೇ ಶಾಶ್ವತ ಪರಿಹಾರ, ಗಟ್ಟಿ ಸಿಪ್ಪೆಯ, ಬೇರೆ ಬೇರೆ ಕಾಲಕ್ಕೆ ಹಣ್ಣಾಗುವ ತಳಿಗಳು ಬಂದರೆ ಈ ಧಾವಂತವೇ ಇರುವುದಿಲ್ಲ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. 2022ರಲ್ಲಿ ಪ್ರಕಟವಾದ ಲಿಚಿಯ ಜೀನೋಮ್ ಅಧ್ಯಯನ ಯುನ್ನಾನ್ ಮತ್ತು ಹೈನಾನ್‌ಗಳಲ್ಲಿ ಈ ಮರ ಬೇರೆ ಬೇರೆಯಾಗಿ ಕೃಷಿಗೆ ಒಳಪಟ್ಟಿತೆಂದು ತೋರಿಸಿತು. ಯುನ್ನಾನ್‌ನಿಂದ ಬೇಗ ಹಣ್ಣಾಗುವ ತಳಿಗಳು, ಹೈನಾನ್‌ನಿಂದ ತಡವಾಗಿ ಹಣ್ಣಾಗುವವು. ಹೂವಿನ ಕಾಲವನ್ನು ನಿಯಂತ್ರಿಸುವ ಜೀನ್‌ಗಳ ಬಳಿಯ ಸಣ್ಣದೊಂದು ತುಣುಕಿನ ಇರುವಿಕೆ ಇಲ್ಲದಿರುವಿಕೆಗೂ ಹಣ್ಣಾಗುವ ಕಾಲಕ್ಕೂ ನಂಟಿದೆ ಎಂಬುದು ಅದರಲ್ಲಿ ಹೊರಬಿತ್ತು. ಸಸಿ ಹಂತದಲ್ಲೇ ಎಲೆ ಪರೀಕ್ಷಿಸಿ ಬೇಗದ್ದೋ ತಡದ್ದೋ ಎಂದು ತಿಳಿಯುವ ಬಾಗಿಲು ಇದರಿಂದ ತೆರೆದಿದೆ. ಮುಜಫರ್‌ಪುರದ ಕೇಂದ್ರವೂ ಗಂಡಕಿ ಸಂಪದಾ, ಗಂಡಕಿ ಲಾಲಿಮಾ, ಗಂಡಕಿ ಯೋಗಿತಾ ತಳಿಗಳನ್ನು ಕೊಟ್ಟಿದೆ. ಆದರೆ ಬೀಜದಿಂದ ಬಂದ ಲಿಚಿ ಫಲ ಕೊಡಲು ಏಳೆಂಟು ವರ್ಷಕ್ಕೂ ಮಿಕ್ಕಿ ಬೇಕು. ಗೂಟಿ ಕಟ್ಟಿ ಬೇರು ಬರಿಸಿದ ಗಿಡವೂ ಮೊದಲ ಹಣ್ಣಿಗೆ ನಾಲ್ಕೈದು ವರ್ಷ ತೆಗೆದುಕೊಳ್ಳುತ್ತದೆ. ಇವತ್ತಿನ ತೋಟಗಳಲ್ಲಿ ನಿಂತಿರುವ ಮರಗಳು ಇನ್ನೂ ಎರಡು ತಲೆಮಾರು ಫಲ ಕೊಡುತ್ತವೆ. ಅವುಗಳ ಹಣ್ಣನ್ನು ಏನು ಮಾಡುವುದು ಎಂಬುದಕ್ಕೆ ನಾಳಿನ ತಳಿ ಉತ್ತರವಾಗದು.

ನಿಂತಿರುವ ಮರಗಳಿಗೆ ವಿಜ್ಞಾನ ಹೇಳಿರುವುದೂ ಕೈಗೆಟುಕುವ ಕೆಲಸಗಳನ್ನೇ. ಲಿಚಿ ಹೂಬಿಡಲು ತಂಪಾದ, ಒಣ ಚಳಿಗಾಲ ಬೇಕು. ಆಗ ಮರ ವಿಶ್ರಾಂತಿಯಲ್ಲಿರಬೇಕು. ಚಳಿ ಸಾಲದೆ ಚಿಗುರೊಡೆದರೆ ಆ ವರ್ಷದ ಹೂವು ಹೋಯಿತು. ಚೈನಾ ತಳಿ ಒಂದು ವರ್ಷ ಬಿಟ್ಟು ಒಂದು ವರ್ಷ ಫಲ ಕೊಡುವ ಚಾಳಿಯದು. ಅದರ ದೊಡ್ಡ ರೆಂಬೆಗಳ ತೊಗಟೆಯನ್ನು ಮಳೆಗಾಲದ ಕೊನೆಗೆ ಎರಡು ಮೂರು ಮಿಲಿಮೀಟರ್ ಅಗಲದ ಉಂಗುರವಾಗಿ ತೆಗೆದರೆ ಎಲೆ ತಯಾರಿಸಿದ ಆಹಾರ ಬೇರಿಗಿಳಿಯದೆ ರೆಂಬೆಯಲ್ಲೇ ನಿಂತು ಹೂವು ಖಾತರಿಯಾಗುತ್ತದೆ. ಕಾಯಿ ಕಚ್ಚಿ 25-30 ದಿನಕ್ಕೆ ಗೊಂಚಲಿಗೆ ನೇಯ್ಗೆಯಿಲ್ಲದ ಬಟ್ಟೆಯ ಚೀಲ ಕಟ್ಟಿದರೆ ಕಾಯಿಕೊರಕ ಬರುವುದಿಲ್ಲ, ಬಿಸಿಲಿಗೆ ಸುಡುವುದಿಲ್ಲ, ಬಿರಿಯುವುದು ಕಡಿಮೆಯಾಗುತ್ತದೆ, ಬಣ್ಣವೂ ಸಮನಾಗಿ ಏರುತ್ತದೆ. ಕೀಟನಾಶಕದ ಕೊನೆಯ ಸಿಂಪರಣೆಗಳನ್ನು ತಪ್ಪಿಸುವ ಚೀಲ ಇದು. ಪರಾಗಸ್ಪರ್ಶಕ್ಕೆ ಜೇನುಪೆಟ್ಟಿಗೆ ಇಟ್ಟರೆ ಕಾಯಿಯೂ ಹೆಚ್ಚು, ಜೇನೂ ಲಾಭ. ಹೊಸ ಗುಂಡಿಗೆ ಹಳೆಯ ಲಿಚಿ ಮರದ ಬುಡದ ಒಂದು ಬುಟ್ಟಿ ಮಣ್ಣು ಹಾಕುವ ಪದ್ಧತಿಯಂತೂ ನನಗೆ ಬಹಳ ಇಷ್ಟವಾದದ್ದು. ಬೇರಿನೊಂದಿಗೆ ಬಾಳುವ ಶಿಲೀಂಧ್ರ ಆ ಮಣ್ಣಿನಲ್ಲಿರುತ್ತದೆ, ಅದಿಲ್ಲದೆ ಎಳೆಯ ಲಿಚಿ ಗಿಡ ಚೇತರಿಸಿಕೊಳ್ಳುವುದು ಕಷ್ಟ.

ಹಣ್ಣನ್ನು ತಾಜಾ ಮಾರಲಾಗದಿದ್ದರೆ ಸಂಸ್ಕರಿಸಿ ಮಾರೋಣ, ರಸ, ಶರಬತ್ತು, ಡಬ್ಬಿಯ ಹಣ್ಣು, ವೈನ್ ಮಾಡೋಣ ಎಂಬುದು ಸರ್ಕಾರಿ ಸಭೆಗಳಲ್ಲಿ ಹೆಚ್ಚು ಕೇಳಿಬರುವ ಪರಿಹಾರ. ಬಿರಿದ, ಬಣ್ಣಗೆಟ್ಟ ಹಣ್ಣಿಗೆ ಅದು ಸರಿಯಾದ ದಾರಿಯೇ. ಮುಖ್ಯ ಬೆಳೆಗೆ ಅಲ್ಲ, ಯಾಕೆಂದರೆ ಲಿಚಿಯ ಜೀವಾಳ ಅದರ ಪರಿಮಳ. ಗುಲಾಬಿಯ ವಾಸನೆಯನ್ನು ನೆನಪಿಸುವ ರೋಸ್ ಆಕ್ಸೈಡ್, ಜಿರೇನಿಯಾಲ್, ಲಿನಲೂಲ್ ಮುಂತಾದ ಆವಿಶೀಲ ವಸ್ತುಗಳಿಂದ ಅದು ಬರುತ್ತದೆ. ಕುದಿಸಿದ ರಸದಲ್ಲಿ ಸಿಹಿ ಉಳಿದು ಇವು ಹಾರಿಹೋಗುತ್ತವೆ, ಮತ್ತೆ ಕೃತಕ ಸುವಾಸನೆ ಸೇರಿಸಬೇಕಾಗುತ್ತದೆ. ಡಬ್ಬಿಯಲ್ಲಿಟ್ಟ ತಿರುಳು ಹೆಚ್ಚು ಕಾಯಿಸಿದರೆ ಗುಲಾಬಿ ಬಣ್ಣಕ್ಕೆ ತಿರುಗುವುದು ಹಳೆಯ ಸಮಸ್ಯೆ. ಸಿಟ್ರಿಕ್ ಆಮ್ಲ ಬೆರೆಸಿ, ಕಾಯಿಸುವ ಹೊತ್ತನ್ನು ಹದದಲ್ಲಿಟ್ಟು, ಕೂಡಲೇ ತಣಿಸಿ ಅದನ್ನು ತಡೆಯುತ್ತಾರೆ. ಇಲ್ಲೂ ತೀರ್ಮಾನವಾಗುವುದು ಹೊತ್ತಿನಿಂದಲೇ. ಜೊತೆಗೆ, ಕಾರ್ಖಾನೆ ತೋಟಕ್ಕೆ ಕೊಡುವ ಬೆಲೆ ತಾಜಾ ಹಣ್ಣಿನ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ.

ಹಣ್ಣಿನ ಮಾತು ಹೀಗಾದರೆ, ಲಿಚಿ ಸಂಶೋಧನೆಯ ಅತ್ಯಂತ ನೋವಿನ ಅಧ್ಯಾಯ ಮಕ್ಕಳದು. 1995ರಿಂದ ಮುಜಫರ್‌ಪುರದಲ್ಲಿ ಲಿಚಿಯ ಕಾಲಕ್ಕೆ ಸರಿಯಾಗಿ ಒಂದು ಕಾಯಿಲೆ ಕಾಣಿಸಿಕೊಳ್ಳುತ್ತಿತ್ತು. ರಾತ್ರಿ ಚೆನ್ನಾಗಿ ಮಲಗಿದ ಮಗು ಬೆಳಗಿನ ಜಾವ ಚೀರಿ ಎದ್ದು, ಸೆಳೆತಕ್ಕೆ ಸಿಕ್ಕಿ, ಪ್ರಜ್ಞೆ ತಪ್ಪಿ, ಕೆಲವೇ ಗಂಟೆಗಳಲ್ಲಿ ಸಾಯುತ್ತಿತ್ತು. ವರ್ಷಗಟ್ಟಲೆ ವೈರಸ್‌ಗಾಗಿ ಹುಡುಕಾಟ ನಡೆಯಿತು. ವೆಲ್ಲೂರಿನ ವೈರಾಣು ತಜ್ಞ ಟಿ. ಜೇಕಬ್ ಜಾನ್ ಮತ್ತು ಲಕ್ನೋದ ವಿಷಶಾಸ್ತ್ರಜ್ಞ ಮುಕುಲ್ ದಾಸ್ ಇದು ಮಿದುಳಿನ ಉರಿಯೂತವಲ್ಲ, ರಕ್ತದ ಸಕ್ಕರೆ ಕುಸಿದು ಆಗುವ ಆಘಾತ ಎಂದು ಸೂಚಿಸಿದರು. ಜಮೈಕಾದಲ್ಲಿ ಬಲಿಯದ ಆಕಿ ಹಣ್ಣು ತಿಂದು ಬಡ ಮಕ್ಕಳು ಸಾಯುತ್ತಿದ್ದ ಹಳೆಯ ಕಾಯಿಲೆ ಅವರಿಗೆ ಸುಳಿವಾಯಿತು. ಆಕಿಯೂ ಲಿಚಿಯೂ ನಮ್ಮ ಅಂಟುವಾಳದ ಕುಟುಂಬಕ್ಕೇ ಸೇರಿದವು. ಆಕಿಯಲ್ಲಿ ಹೈಪೋಗ್ಲೈಸಿನ್ ಇದೆ. ಅದರ ಹತ್ತಿರದ ನಂಟ ಎಂಸಿಪಿಜಿ ಎಂಬ ವಸ್ತು ಲಿಚಿ ಬೀಜದಲ್ಲಿರುವುದು 1962ರಲ್ಲೇ ಗೊತ್ತಾಗಿತ್ತು.

2014ರಲ್ಲಿ ಮೇ ಕೊನೆಯಿಂದ ಜುಲೈ ನಡುವಿನವರೆಗೆ ಮುಜಫರ್‌ಪುರದ ಎರಡು ಆಸ್ಪತ್ರೆಗಳಿಗೆ ಇಂಥ 390 ಮಕ್ಕಳು ದಾಖಲಾದರು, 122 ಮಕ್ಕಳು ತೀರಿಕೊಂಡರು. ಭಾರತದ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರ ಮತ್ತು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ ಸೇರಿ ನಡೆಸಿದ ಅಧ್ಯಯನ 2017ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್‌ನಲ್ಲಿ ಬಂತು. ಕಾಯಿಲೆಯ 104 ಮಕ್ಕಳನ್ನು ಅದೇ ವಯಸ್ಸಿನ, ಬೇರೆ ಕಾರಣಕ್ಕೆ ಆಸ್ಪತ್ರೆ ಸೇರಿದ 104 ಮಕ್ಕಳೊಂದಿಗೆ ಹೋಲಿಸಲಾಗಿತ್ತು. ಹಿಂದಿನ 24 ಗಂಟೆಗಳಲ್ಲಿ ಲಿಚಿ ತಿಂದಿದ್ದಕ್ಕೂ ಕಾಯಿಲೆಗೂ ಬಲವಾದ ನಂಟು ಕಂಡಿತು. ಸಂಭವದ ಅನುಪಾತ 9.6 ಪಟ್ಟು. ರಾತ್ರಿ ಊಟ ಇಲ್ಲದ್ದಕ್ಕೆ ಅದು 2.2 ಪಟ್ಟು. ಊಟ ತಪ್ಪಿದ ಮಕ್ಕಳಲ್ಲಿ ಲಿಚಿಯ ಪರಿಣಾಮ ಊಟ ಮಾಡಿದವರಿಗಿಂತ ಹೆಚ್ಚು. ಪರೀಕ್ಷಿಸಿದ 73 ಮಕ್ಕಳ ಮೂತ್ರದಲ್ಲಿ 48 ಮಕ್ಕಳದರಲ್ಲಿ ಹೈಪೋಗ್ಲೈಸಿನ್, ಎಂಸಿಪಿಜಿ ವಿಷಗಳ ಕುರುಹು ಸಿಕ್ಕಿತು. ಕಾರಣ ಸರಣಿ ಸ್ಪಷ್ಟವಾಗಿದೆ. ಅರೆಹೊಟ್ಟೆಯ ಮಗುವಿನ ಯಕೃತ್ತಿನಲ್ಲಿ ಸಕ್ಕರೆಯ ದಾಸ್ತಾನು ಬೆಳಗಿನ ಜಾವಕ್ಕೆ ಮುಗಿಯುತ್ತದೆ. ಆಗ ದೇಹ ಕೊಬ್ಬನ್ನು ಉರಿಸಿ, ಹೊಸ ಸಕ್ಕರೆ ತಯಾರಿಸಿ ಮಿದುಳನ್ನು ಉಳಿಸಬೇಕು. ಲಿಚಿಯ ಆ ಎರಡು ವಸ್ತುಗಳು ತಡೆಯುವುದು ಸರಿಯಾಗಿ ಈ ದಾರಿಯನ್ನೇ.

ಲಕ್ಷಾಂತರ ಜನ ಲಿಚಿ ತಿಂದು ಆರೋಗ್ಯವಾಗಿರುವಾಗ ಹಣ್ಣಿಗೆ ಕಳಂಕ ಹಚ್ಚುವುದು ಅನ್ಯಾಯ ಎಂದು ಬೆಳೆಗಾರರು ನೊಂದು ಹೇಳುತ್ತಾರೆ. ಅವರ ನೋವು ನ್ಯಾಯವಾದದ್ದು, ಅಧ್ಯಯನ ಅದನ್ನು ಅಲ್ಲಗಳೆಯುವುದೂ ಇಲ್ಲ. ಹೊಟ್ಟೆ ತುಂಬಿದ ಮಗುವಿನ ಸಕ್ಕರೆಯ ದಾಸ್ತಾನು ಬೆಳಗಿನವರೆಗೂ ಬರುತ್ತದೆ, ಅದಕ್ಕೆ ಲಿಚಿ ಬರೀ ಹಣ್ಣು. ಅಪಾಯ ಇದ್ದದ್ದು ಹಸಿವೆಯಲ್ಲಿ. ಬೇರೆ ವಿವರಣೆಗಳೂ ಬಂದಿವೆ. 2012ರಲ್ಲಿ ಬಾಂಗ್ಲಾದೇಶದ ದಿನಾಜ್‌ಪುರದ ಲಿಚಿ ತೋಟಗಳ ಬಳಿ 14 ಮಕ್ಕಳು ಕಾಯಿಲೆ ಬಿದ್ದು 13 ಮಕ್ಕಳು ಸತ್ತದ್ದಕ್ಕೆ ಅಲ್ಲಿನ ಅಧ್ಯಯನಕಾರರು ಕೀಟನಾಶಕದ ಕಡೆ ಬೆರಳು ತೋರಿಸಿದ್ದಾರೆ. ಮುಜಫರ್‌ಪುರದಲ್ಲಿ ಕೀಟನಾಶಕವನ್ನೂ ಸೋಂಕನ್ನೂ ಹುಡುಕಿದರು, ಪುರಾವೆ ಸಿಗಲಿಲ್ಲ. ಬಿಸಿಗಾಳಿಯೇ ಕಾರಣ ಎಂಬ ವಾದ 2019ರಲ್ಲಿ ಬಲವಾಗಿ ಕೇಳಿಬಂತು. ಬಿಸಿ ದೇಹವನ್ನು ಇನ್ನಷ್ಟು ಬಳಲಿಸುವುದು ನಿಜವಿರಬಹುದು, ಆದರೆ ರಾತ್ರಿ ಉಪವಾಸ, ಬೆಳಗಿನ ಸೆಳೆತ, ನೆಲಕಚ್ಚಿದ ಸಕ್ಕರೆ ಎಂಬ ಕ್ರಮವನ್ನು ಬಿಸಿಯೊಂದೇ ವಿವರಿಸಲಾರದು. ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಚಿಕಿತ್ಸೆ. ಮಕ್ಕಳಿಗೆ ರಾತ್ರಿ ಊಟ ತಪ್ಪಿಸಬೇಡಿ, ಲಿಚಿ ಮಿತಿಯಲ್ಲಿರಲಿ, ಕಾಯಿಲೆ ಬಿದ್ದ ಮಗುವಿನ ಸಕ್ಕರೆ ನೋಡಿ ತಡಮಾಡದೆ ಗ್ಲೂಕೋಸ್ ಕೊಡಿ ಎಂಬ ಸಲಹೆಯನ್ನು ಹಳ್ಳಿಗಳಿಗೆ ಮುಟ್ಟಿಸಿದ ವರ್ಷಗಳಲ್ಲಿ ಸಾವುಗಳು ಇಳಿದವು. 2019ರಲ್ಲಿ ಬಿಹಾರದಲ್ಲಿ ಮತ್ತೆ ನೂರೈವತ್ತರಷ್ಟು ಮಕ್ಕಳು ಹೋದರು. ಆ ಹೊತ್ತಿಗೆ ತಿಳಿವಳಿಕೆ ಹಳೆಯದಾಗಿತ್ತು. ಒಂದು ಬಾಟಲಿ ಡೆಕ್ಸ್‌ಟ್ರೋಸ್, ಸಕ್ಕರೆ ಅಳೆಯುವ ಒಂದು ಪಟ್ಟಿ, ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಬೆಳಗಿನ ನಾಲ್ಕು ಗಂಟೆಗೆ ಎಚ್ಚರವಿರುವ ಒಬ್ಬ ನರ್ಸ್: ಇಷ್ಟೇ ಬೇಕಿದ್ದದ್ದು. ಸಿಪ್ಪೆಯ ವಿಷಯದಲ್ಲಿ ತಡವಾದರೆ ಬೆಲೆ ಹೋಗುತ್ತದೆ. ಇಲ್ಲಿ ತಡವಾದದ್ದಕ್ಕೆ ಮಕ್ಕಳ ಜೀವ ಹೋಯಿತು. ಎರಡರಲ್ಲೂ ವಿಜ್ಞಾನ ತನ್ನ ಕೆಲಸ ಮಾಡಿ ಮುಗಿಸಿತ್ತು.

ಕನ್ನಡಿಗರಿಗೆ ಇದು ದೂರದ ಬಿಹಾರದ ಕಥೆಯಾಗಿ ಉಳಿಯಬಾರದು. ಕೊಡಗಿನ ಚೆಟ್ಟಳ್ಳಿಯಲ್ಲಿರುವ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ ಈಗಾಗಲೇ ಅರ್ಕಾ ಕೂರ್ಗ್ ಅರುಣ್‌ನಂಥ ರಂಬುಟಾನ್ ತಳಿ ಕೊಟ್ಟಿದೆ; ಅಲ್ಲಿ ಲಿಚಿಯನ್ನೂ ಬೆಳೆದು ನೋಡಲಾಗಿದೆ. ಕೊಡಗು ವಯನಾಡುಗಳ ಹವೆಯಲ್ಲಿ ಲಿಚಿ ಹಣ್ಣಾಗುವುದು ಡಿಸೆಂಬರ್ ಆಸುಪಾಸಿನಲ್ಲಿ. ಉತ್ತರ ಭಾರತದಲ್ಲಿ ಒಂದು ಹಣ್ಣೂ ಇಲ್ಲದ, ಯುರೋಪಿನ ಪೇಟೆ ಮಡಗಾಸ್ಕರ್‌ನ ಗಂಧಕದ ಲಿಚಿಗೆ ಕಾಯುವ ಕಾಲ ಅದು. ಚಳಿಗಾಲವಾದ್ದರಿಂದ ಬಿಸಿಗಾಳಿಯ ಕಾಟವೂ ಇಲ್ಲ. ಕಾಫಿ ಮೆಣಸಿನ ಬೆಲೆಯ ಏರಿಳಿತದಲ್ಲಿ ಬೆಂದಿರುವ ಬೆಳೆಗಾರರು ಇದರತ್ತ ನೋಡುವುದು ಸಹಜ. ಚಳಿ ಸಾಲದ ವರ್ಷ ಹೂವು ತಪ್ಪುವ ಅಪಾಯ ಇಲ್ಲೂ ಇದೆ ಎಂಬುದನ್ನು ಮರೆಯದೆ, ಮೊದಲು ಎತ್ತರದ ತಂಪು ಜಾಗಗಳಲ್ಲಿ ಕೆಲವೇ ಗಿಡ ಹಾಕಿ ನೋಡುವುದು ಒಳ್ಳೆಯದು. ತೋಟಗಾರಿಕೆ ಇಲಾಖೆಗೆ ಒಂದು ಕೋರಿಕೆ: ಸಸಿಗೆ ಸಹಾಯಧನ ಘೋಷಿಸುವ ಮೊದಲು ಮಡಿಕೇರಿ, ಸೋಮವಾರಪೇಟೆ, ಸಕಲೇಶಪುರದ ಕಡೆ ಬೆಳೆಗಾರರ ಸಂಘಗಳ ಒಡೆತನದಲ್ಲಿ ಒಂದೊಂದು ಸಣ್ಣ ತಂಪು ಘಟಕ ಕಟ್ಟಿಸಿ, ಗಿಡ ಆಮೇಲೆ ಹಂಚಿ. ಓದುಗರಿಗೂ ಒಂದು ಮಾತು: ಮುಂದಿನ ಜೂನ್‌ನಲ್ಲಿ ಅಂಗಡಿಯ ಲಿಚಿ ತುಸು ಕಂದಿದ್ದರೆ ಅದನ್ನು ತಳ್ಳಬೇಡಿ, ಒಂದನ್ನು ಸುಲಿದು ಮೂಸಿ ನೋಡಿ, ತಿರುಳು ಬೆಳ್ಳಗೆ, ಗಟ್ಟಿಯಾಗಿ, ಘಮಘಮಿಸುತ್ತಿದ್ದರೆ ಕೊಳ್ಳಿ, ಮಕ್ಕಳಿಗೆ ಊಟವಾದ ಮೇಲೆ ಕೊಡಿ.